ಕಷ್ಟಪಟ್ಟು ಕಾಯಿಸಿದ ಹಬೆಯನ್ನ ಮತ್ತೆ ತಂಪು ಮಾಡೋದ್ಯಾಕೆ?

ಈ ಸಂಚಿಕೆಯ ಪ್ರಶ್ನೆ ಬಂದಿದ್ದು ವಿರಾಜಪೇಟೆ ಕಡೆಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಲ್ಲಿ. ಹಿಂದೆ ಹೆಂಚಿನ ಮೇಲೆ ಮಳೆ ಬೀಳೋ ಸದ್ದು. ಕರೆಂಟ್ ಹೋಗಿ ಎರಡು ದಿನ ಆಯ್ತಂತೆ, ಪವರ್ ಬ್ಯಾಂಕ್‌ನಲ್ಲಿ ಉಳಿದ ಚಾರ್ಜ್‌ನಲ್ಲೇ ಈ ಪ್ರಶ್ನೆ ಕಳಿಸಿದ್ದಾರೆ. ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ ಇದು: "ಅಣ್ಣ, ಥರ್ಮಲ್ ಪ್ಲಾಂಟ್‌ನಲ್ಲಿ ಅಷ್ಟೊಂದು ಕಲ್ಲಿದ್ದಲು ಸುಟ್ಟು ಹಬೆ ಮಾಡ್ತಾರೆ. ಟರ್ಬೈನ್ ತಿರುಗಿಸಿದ ಮೇಲೆ ಅದೇ ಹಬೆಯನ್ನ ತಣ್ಣಗೆ ಮಾಡಿ, ನೀರು ಮಾಡಿ, ಆ ನೀರನ್ನ ಮತ್ತೆ ಕಾಯಿಸ್ತಾರೆ. ಹುಚ್ಚುತನ ಅಲ್ವಾ? ಹಬೆಯನ್ನ ಹಾಗೇ ವಾಪಸ್ ಬಾಯ್ಲರ್‌ಗೆ ಕಳಿಸಿದ್ರೆ ಕಲ್ಲಿದ್ದಲು ಉಳಿಯಲ್ವಾ?"

ಓದಿದ್ದು ಬಿ.ಕಾಂ. ಆದ್ದರಿಂದ ನಾನು ಇದನ್ನ ಮೊದಲು ನೋಡಿದ್ದು ಲೆಕ್ಕದ ಪುಸ್ತಕದ ಕಣ್ಣಲ್ಲಿ. ಹಾಗೆ ನೋಡಿದ್ರೆ ಪ್ರಶ್ನೆ ಇನ್ನೂ ಚುರುಕಾಗುತ್ತೆ. ಸಾಮಾನ್ಯ ಕಲ್ಲಿದ್ದಲು ಸ್ಥಾವರದಲ್ಲಿ ಕಲ್ಲಿದ್ದಲಿನಿಂದ ನೂರು ರೂಪಾಯಿ ಶಾಖ ಬಂತು ಅಂದ್ಕೊಳ್ಳಿ. ಕರೆಂಟ್ ಆಗಿ ಹೊರಗೆ ಬರೋದು ಹೆಚ್ಚುಕಡಿಮೆ ಮೂವತ್ತೈದು ರೂಪಾಯಿ. ಹತ್ತು ಹನ್ನೆರಡು ರೂಪಾಯಿ ಚಿಮಣಿಯ ಹೊಗೆ ಜೊತೆ ಹೋಗುತ್ತೆ. ಉಳಿದಿದ್ದರಲ್ಲಿ ಬಹುಪಾಲು, ಅಂದ್ರೆ ಸುಮಾರು ಐವತ್ತು ರೂಪಾಯಿ, ಈ "ತಂಪು ಮಾಡೋ" ಜಾಗದಲ್ಲೇ ನೀರಿಗೆ, ಅಲ್ಲಿಂದ ಗಾಳಿಗೆ ಸೇರುತ್ತೆ. ಬಂದ ಹಣದಲ್ಲಿ ಅರ್ಧವನ್ನ ಹೊಳೆಗೆ ಸುರಿಯೋ ಅಂಗಡಿ ಯಾವ ಊರಲ್ಲಾದ್ರೂ ನಡೆಯುತ್ತಾ?

ನಡೆಯುತ್ತೆ. ನಮ್ಮ ರಾಜ್ಯದಲ್ಲೇ ನಾಲ್ಕು ದಶಕದಿಂದ ನಡೀತಿದೆ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ನದಿ ಪಕ್ಕ ಇರೋ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನೇ ತಗೊಳ್ಳೋಣ. ಎಲ್ಲರೂ ಆರ್‌ಟಿಪಿಎಸ್ ಅನ್ನೋದು ಇದನ್ನೇ. ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಈಗ 210 ಮೆಗಾವಾಟ್‌ನ ಏಳು, 250ರ ಒಂದು, ಒಟ್ಟು 1720 ಮೆಗಾವಾಟ್.

ಅಲ್ಲಿ ಹಬೆ ಹೋಗೋ ದಾರಿ ನೋಡಿ. ಬಾಯ್ಲರ್ ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಜಾಸ್ತಿ. 150 ಪಟ್ಟು ಒತ್ತಡದಲ್ಲಿ ನೀರು ಕುದಿಯೋದೇ ಸುಮಾರು 340 ಡಿಗ್ರಿಯಲ್ಲಿ. ಹಬೆ ಆದಮೇಲೂ ಬಿಡಲ್ಲ, ಅದನ್ನ ಮತ್ತೆ ಬೆಂಕಿಯ ಕೊಳವೆಗಳಲ್ಲಿ ಹಾಯಿಸಿ 540 ಡಿಗ್ರಿ ಆಸುಪಾಸಿಗೆ ಏರಿಸ್ತಾರೆ. ಇದೇ ಸೂಪರ್‌ಹೀಟೆಡ್ ಸ್ಟೀಮ್, ಅತಿಕಾಯಿಸಿದ ಹಬೆ. ಇದರಲ್ಲಿ ಒಂದು ಹನಿ ತೇವಾಂಶ ಇರಲ್ಲ. ಬರಿಗಣ್ಣಿಗೆ ಕಾಣೋದೂ ಇಲ್ಲ. ಒಣಗಿರಬೇಕು ಯಾಕಂದ್ರೆ ಟರ್ಬೈನ್ ಬ್ಲೇಡ್‌ಗಳು ನಿಮಿಷಕ್ಕೆ 3000 ಸುತ್ತು ಸುತ್ತುತ್ತವೆ. ಆ ವೇಗದಲ್ಲಿ ನೀರಿನ ಹನಿ ಬಡಿದ್ರೆ ಉಕ್ಕೂ ಸವೆಯುತ್ತೆ.

ಈ ಹಬೆ ಟರ್ಬೈನ್‌ಗೆ ನುಗ್ಗುತ್ತೆ, ಒಂದರ ಹಿಂದೊಂದು ಬ್ಲೇಡ್ ಸಾಲುಗಳನ್ನ ತಳ್ಳುತ್ತಾ, ಹಿಗ್ಗುತ್ತಾ, ತಣ್ಣಗಾಗ್ತಾ ಹೋಗುತ್ತೆ. ಕೊನೆ ಸಾಲು ದಾಟೋ ಹೊತ್ತಿಗೆ ಅದರ ಉಷ್ಣತೆ ಎಷ್ಟಿರುತ್ತೆ ಹೇಳಿ? ಸುಮಾರು 45 ಡಿಗ್ರಿ. ಮಳೆಗಾಲದಲ್ಲಿ ನಮ್ಮ ಬಚ್ಚಲ ಹಂಡೆಯಲ್ಲಿ ಕಾಯೋ ನೀರು ಇದಕ್ಕಿಂತ ಬಿಸಿ ಇರುತ್ತೆ!

ಪ್ರಶ್ನೆಯ ಅರ್ಧ ಗಂಟು ಇಲ್ಲೇ ಬಿಚ್ಚಿಕೊಳ್ಳುತ್ತೆ. 540 ಡಿಗ್ರಿಯ ಬಿಸಿ ಹಬೆಯನ್ನ ಯಾರೂ ತಣ್ಣೀರಿಗೆ ಹಾಕಿ ಹಾಳು ಮಾಡ್ತಿಲ್ಲ. ಆ ಬಿಸಿಯನ್ನ ಟರ್ಬೈನ್ ಆಗಲೇ ತಿಂದು ಮುಗಿಸಿದೆ. ಕಂಡೆನ್ಸರ್ ಅನ್ನೋ ದೊಡ್ಡ ಪೆಟ್ಟಿಗೆಗೆ ಬರೋದು ಸುಸ್ತಾದ, ಸ್ವಲ್ಪ ಒದ್ದೆಯಾದ, 45 ಡಿಗ್ರಿಯ ಹಬೆ. ಅಲ್ಲಿಂದ ಹೊರಗೆ ಹೋಗೋದು 45 ಡಿಗ್ರಿಯ ನೀರು. ಡಿಗ್ರಿ ಲೆಕ್ಕದಲ್ಲಿ ಅದು ತಂಪಾಗೋದೇ ಇಲ್ಲ ಅನ್ನಬಹುದು. ಬದಲಾಗೋದು ರೂಪ ಮಾತ್ರ, ಹಬೆ ಹೋಗಿ ನೀರು.

ಹಾಗಿದ್ರೆ ಆ ಐವತ್ತು ರೂಪಾಯಿ ಎಲ್ಲಿತ್ತು? ಅದು ಗುಪ್ತೋಷ್ಣ. ಹೈಸ್ಕೂಲ್ ವಿಜ್ಞಾನದಲ್ಲಿ ಓದಿ ಮರೆತಿರೋ ಪದ. ಒಂದು ಕೆ.ಜಿ. ನೀರನ್ನ 20 ಡಿಗ್ರಿಯಿಂದ 100ಕ್ಕೆ ತರೋಕೆ ಬೇಕಾಗೋದು ಸುಮಾರು 335 ಕಿಲೋಜೌಲ್. ಅದೇ 100 ಡಿಗ್ರಿಯ ನೀರನ್ನ 100 ಡಿಗ್ರಿಯ ಹಬೆ ಮಾಡೋಕೆ ಇನ್ನೂ 2257 ಕಿಲೋಜೌಲ್ ಬೇಕು. ಆರೂಮುಕ್ಕಾಲು ಪಟ್ಟು! ಕಡಂಬುಟ್ಟು ಬೇಯೋವಾಗ ಮುಚ್ಚಳ ತೆಗೆದು ಕೈ ಸುಟ್ಟುಕೊಂಡವರಿಗೆ ಇದರ ಅನುಭವ ಇದೆ. ಕುದಿಯೋ ನೀರಿನ ಹನಿಗಿಂತ ಹಬೆ ಜೋರಾಗಿ ಸುಡೋದು, ಅದು ಚರ್ಮದ ಮೇಲೆ ನೀರಾಗ್ತಾ ಈ ಅಡಗಿಸಿಟ್ಟ ಶಾಖವನ್ನೆಲ್ಲ ಒಟ್ಟಿಗೆ ನಮ್ಮ ಕೈಗೇ ಒಪ್ಪಿಸೋದ್ರಿಂದ. ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುತ್ತಲ್ಲ, ಅದು ಪುಟ್ಟ ಕಂಡೆನ್ಸರ್.

ಸರಿ, ಈಗ ಪ್ರಶ್ನೆಯ ಇನ್ನರ್ಧ. ಆ ಶಾಖವನ್ನ ಬಿಟ್ಟುಕೊಡದೆ, ಹಬೆಯನ್ನ ಹಬೆಯಾಗಿಯೇ ಬಾಯ್ಲರ್‌ಗೆ ವಾಪಸ್ ತಳ್ಳಿದ್ರೆ?

ತಳ್ಳಬೇಕಾದ ಜಾಗದಲ್ಲಿ ಒತ್ತಡ 150 ಪಟ್ಟು ಇದೆ. ತಳ್ಳಬೇಕಾದ ಹಬೆ ಹಿಗ್ಗಿ ಹಿಗ್ಗಿ ಸುಸ್ತಾಗಿದೆ. ಅಲ್ಲಿ ಒಂದು ಕೆ.ಜಿ. ಹಬೆ ಹತ್ತು ಸಾವಿರ ಲೀಟರ್‌ಗೂ ಹೆಚ್ಚು ಜಾಗ ಹಿಡಿಯುತ್ತೆ. ಅದನ್ನ ಮತ್ತೆ ಹಿಂಡಿ ಬಾಯ್ಲರ್ ಒತ್ತಡಕ್ಕೆ ತರೋಕೆ ಬೇಕಾಗೋ ಕೆಲಸ, ಅದು ಹಿಗ್ಗುವಾಗ ಟರ್ಬೈನ್‌ಗೆ ಕೊಟ್ಟಷ್ಟೇ ಕೆಲಸ. ಯಂತ್ರದ ತಿಕ್ಕಾಟ ಗಿಕ್ಕಾಟ ಎಲ್ಲ ಸೇರಿದ್ರೆ ಅದಕ್ಕಿಂತ ಜಾಸ್ತಿ. ಟರ್ಬೈನ್ ದುಡಿದಿದ್ದನ್ನೆಲ್ಲ ಕಂಪ್ರೆಸರ್ ತಿಂದುಹಾಕುತ್ತೆ, ಮೇಲೆ ಸಾಲ ಬೇರೆ. ಚೆಸ್ಕಾಂಗೆ ಒಂದು ಯೂನಿಟ್ ಕೂಡ ಸಿಗಲ್ಲ.

ಅದೇ ಹಬೆ ನೀರಾಯ್ತು ಅಂದ್ರೆ? ಒಂದು ಕೆ.ಜಿ. ಅಂದ್ರೆ ಒಂದೇ ಲೀಟರ್. ಹತ್ತು ಸಾವಿರ ಲೀಟರ್ ಬೆಲೂನನ್ನ ಸೂಜಿಮೊನೆ ತೂತಲ್ಲಿ ನುಗ್ಗಿಸೋದಕ್ಕೂ, ಒಂದು ಬಾಟಲ್ ನೀರನ್ನ ಪಂಪ್ ಮಾಡೋದಕ್ಕೂ ಇರೋ ವ್ಯತ್ಯಾಸ ಇದು. ನೀರನ್ನ ಅಷ್ಟು ಒತ್ತಡಕ್ಕೆ ಏರಿಸೋಕೆ ಕೆ.ಜಿ.ಗೆ ಹದಿನೈದು ಇಪ್ಪತ್ತು ಕಿಲೋಜೌಲ್ ಸಾಕು. ಟರ್ಬೈನ್ ಅದೇ ಒಂದು ಕೆ.ಜಿ.ಯಿಂದ ದುಡಿಯೋದು ಸಾವಿರಕ್ಕೂ ಮೇಲೆ. ನೂರು ರೂಪಾಯಿ ದುಡಿಮೆಗೆ ಎರಡು ರೂಪಾಯಿ ಖರ್ಚು. ಇಡೀ ವ್ಯಾಪಾರದ ಲಾಭ ಇರೋದು ಇಲ್ಲೇ. ಹಿಗ್ಗುವಾಗ ಹಬೆಯಾಗಿ ಹಿಗ್ಗಲಿ, ಕುಗ್ಗುವಾಗ ನೀರಾಗಿ ಕುಗ್ಗಲಿ. ಆ ಐವತ್ತು ರೂಪಾಯಿ ಈ ಸೌಲಭ್ಯಕ್ಕೆ ನಾವು ಕಟ್ಟೋ ಬಾಡಿಗೆ.

ಇದಕ್ಕಿಂತ ನನಗೆ ಇಷ್ಟವಾದ ಕಾರಣ ಇನ್ನೊಂದಿದೆ. ಅದು ಅರ್ಥ ಆಗೋಕೆ ಕೊಡಗಿನ ಬೆಟ್ಟಗಳೇ ಸಾಕು.

ಮಡಿಕೇರಿ ಇರೋದು ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 100 ಡಿಗ್ರಿಗೆ ಕುದಿಯಲ್ಲ, ಹೆಚ್ಚುಕಡಿಮೆ 96ಕ್ಕೇ ಕುದಿಯುತ್ತೆ. 1748 ಮೀಟರ್ ಎತ್ತರದ ತಡಿಯಂಡಮೋಳ್ ತುದಿಗೆ ಸ್ಟವ್ ಹೊತ್ತುಕೊಂಡು ಹೋದ್ರೆ ಇನ್ನೂ ಎರಡು ಡಿಗ್ರಿ ಕಮ್ಮಿ. ಗಾಳಿಯ ಒತ್ತಡ ಇಳಿದಷ್ಟೂ ಕುದಿಬಿಂದು ಇಳಿಯುತ್ತೆ. ಹೀಗೇ ಇಳಿಸ್ತಾ ಹೋಗಿ, ಒತ್ತಡ ಸಾಮಾನ್ಯದ ಹತ್ತನೇ ಒಂದು ಭಾಗಕ್ಕೆ ಬಂದ್ರೆ ನೀರು 45 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಇದನ್ನ ತಿರುಗಿಸಿ ಹೇಳಿ. ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಬರೀ ಹಬೆ ತುಂಬಿ, ಅದನ್ನ 45 ಡಿಗ್ರಿಯಲ್ಲಿ ನೀರಾಗೋ ಹಾಗೆ ನೋಡಿಕೊಂಡ್ರೆ, ಆ ಪೆಟ್ಟಿಗೆಯ ಒತ್ತಡ ತಾನಾಗೇ ಹತ್ತನೇ ಒಂದಕ್ಕೆ ಇಳಿದಿರುತ್ತೆ. ಹತ್ತು ಸಾವಿರ ಲೀಟರ್ ಹಬೆ ದಿಢೀರಂತ ಒಂದು ಲೀಟರ್ ಆದ್ರೆ ಉಳಿದ ಜಾಗ ಖಾಲಿ ತಾನೇ? ಕಂಡೆನ್ಸರ್ ಒಳಗೆ ಇರೋದು ಆ ಖಾಲಿತನ, ವ್ಯಾಕ್ಯೂಮ್.

ಈಗ ಹಾರಂಗಿ ಡ್ಯಾಮ್ ನೆನೆಸಿಕೊಳ್ಳಿ. ಡ್ಯಾಮಿನ ಮೇಲೆ ಎಷ್ಟು ಎತ್ತರ ನೀರಿದೆ ಅನ್ನೋದರಷ್ಟೇ, ಕೆಳಗೆ ಎಷ್ಟು ಆಳಕ್ಕೆ ಬೀಳುತ್ತೆ ಅನ್ನೋದೂ ಮುಖ್ಯ. ಹಬೆಗೂ ಹಾಗೇ. ಬಾಯ್ಲರ್ ಮೇಲಿನ ಕೆರೆ, ಕಂಡೆನ್ಸರ್ ಕೆಳಗಿನ ಕಣಿವೆ. ಹಬೆಯನ್ನ ಹೊರಗಿನ ಗಾಳಿಗೆ ಬಿಟ್ಟರೆ ಅದು ಗಾಳಿಯ ಒತ್ತಡದ ತನಕ ಮಾತ್ರ ಬೀಳುತ್ತೆ. ಕಂಡೆನ್ಸರ್ ಇದ್ರೆ ಇನ್ನೂ ಆಳಕ್ಕೆ ಬೀಳುತ್ತೆ, ಬೀಳ್ತಾ ಇನ್ನಷ್ಟು ಬ್ಲೇಡ್ ತಿರುಗಿಸುತ್ತೆ. ಈ ಹೆಚ್ಚುವರಿ ಆಳದಿಂದ ಬರೋ ಕೆಲಸ ಒಟ್ಟಿನಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ. ಅಂದ್ರೆ ತಂಪು ಮಾಡೋದು ಖರ್ಚು ಅಂತ ಬರೆದುಕೊಂಡಿದ್ದೆವಲ್ಲ, ಅದೇ ಕೆಲಸ ಆದಾಯದ ಕಾಲಮ್‌ನಲ್ಲೂ ಇದೆ.

ಹಳೇ ರೈಲು ಎಂಜಿನ್‌ಗಳಿಗೆ ಈ ಸೌಲಭ್ಯ ಇರಲಿಲ್ಲ. ಛುಕ್ ಛುಕ್ ಅಂತ ಹಬೆಯನ್ನ ಗಾಳಿಗೆ ಬಿಡ್ತಿದ್ವು, ಅದಕ್ಕೇ ದಾರಿಯುದ್ದಕ್ಕೂ ನಿಂತು ನಿಂತು ನೀರು ಕುಡೀತಿದ್ವು. (ಕೊಡಗಿಗೆ ರೈಲೇ ಬಂದಿಲ್ಲ, ಹಾಗಾಗಿ ಈ ಉದಾಹರಣೆ ನಮಗೆ ಸಿನಿಮಾದಲ್ಲಿ ನೋಡಿದ್ದೇ.) ಈ ಖಾಲಿತನದ ಬಲವನ್ನ ಮನುಷ್ಯ ಬಹಳ ಹಿಂದೆಯೇ ಕಂಡುಕೊಂಡಿದ್ದ. 1712ರ ನ್ಯೂಕಮೆನ್ ಎಂಜಿನ್‌ನಲ್ಲಿ ಹಬೆ ತುಂಬಿದ ಸಿಲಿಂಡರ್‌ಗೇ ತಣ್ಣೀರು ಚಿಮ್ಮಿಸ್ತಿದ್ರು. ಒಳಗೆ ಖಾಲಿ ಆಗ್ತಿತ್ತು, ಹೊರಗಿನ ಗಾಳಿ ಪಿಸ್ಟನ್ ಒತ್ತುತ್ತಿತ್ತು. ತೊಂದರೆ ಅಂದ್ರೆ ಪ್ರತಿ ಸಲ ಸಿಲಿಂಡರ್ ಕೂಡ ತಣ್ಣಗಾಗಿ, ಅದನ್ನೇ ಮತ್ತೆ ಕಾಯಿಸಬೇಕಿತ್ತು. ಹಬೆಯನ್ನ ಬೇರೆಯೇ ಪಾತ್ರೆಗೆ ಕರೆದುಕೊಂಡು ಹೋಗಿ ಅಲ್ಲಿ ನೀರು ಮಾಡೋಣ ಅಂತ ಜೇಮ್ಸ್ ವಾಟ್‌ಗೆ ಹೊಳೆದಿದ್ದು 1765ರಲ್ಲಿ. ಶಕ್ತಿನಗರದ ಕಂಡೆನ್ಸರ್ ಆ ಪಾತ್ರೆಯ ಮೊಮ್ಮಗ.

ನೀರನ್ನ ಉಳಿಸಿಕೊಳ್ಳೋದಕ್ಕೆ ಇನ್ನೊಂದು ಸಣ್ಣ ಕಾರಣ, ಬಾಯ್ಲರ್ ನೀರು ನಲ್ಲಿ ನೀರಲ್ಲ. ಲವಣ ಎಲ್ಲ ತೆಗೆದು ಶುದ್ಧ ಮಾಡಿದ ದುಬಾರಿ ನೀರು. ಅದನ್ನ ಸುತ್ತಿಸಿ ಸುತ್ತಿಸಿ ಬಳಸ್ತಾರೆ.

ಹಾಗಿದ್ರೆ ಟವರ್‌ನಿಂದ ಮೇಲೇಳೋ ಬಿಳಿ ಮೋಡ? ಅದು ಈ ಹಬೆ ಅಲ್ಲ, ಹೊಗೆಯೂ ಅಲ್ಲ. ಕಂಡೆನ್ಸರ್ ಒಳಗೆ ಸಾವಿರಾರು ಸಣ್ಣ ಕೊಳವೆಗಳಿವೆ. ಕೊಳವೆಯ ಒಳಗೆ ನದಿಯಿಂದ ತಂದ ತಣ್ಣೀರು, ಹೊರಗೆ ಟರ್ಬೈನ್‌ನ ಹಬೆ. ಎರಡೂ ಒಂದನ್ನೊಂದು ಮುಟ್ಟಲ್ಲ, ಶಾಖ ಮಾತ್ರ ಕೈ ಬದಲಾಯಿಸುತ್ತೆ. ಒಂದು 210 ಮೆಗಾವಾಟ್ ಘಟಕಕ್ಕೆ ಹೀಗೆ ಗಂಟೆಗೆ ಇಪ್ಪತ್ತು ಸಾವಿರ ಟನ್‌ಗೂ ಹೆಚ್ಚು ನೀರು ಓಡಾಡಬೇಕು. ಆ ನೀರು ಏಳೆಂಟು, ಹತ್ತು ಡಿಗ್ರಿ ಬಿಸಿಯಾಗಿ ಹೊರಬರುತ್ತೆ. ರಾಯಚೂರಿನಲ್ಲಿ ಅದನ್ನ ಆ ಸೊಂಟ ಸಣ್ಣಗಿರೋ ದೈತ್ಯ ಕೂಲಿಂಗ್ ಟವರ್ ಒಳಗೆ ಮಳೆ ಹಾಗೆ ಸುರೀತಾರೆ. ಕೆಳಗಿನಿಂದ ಗಾಳಿ ಏರುತ್ತೆ. ಸ್ವಲ್ಪ ನೀರು ಆವಿಯಾಗಿ ಹೋಗ್ತಾ ಉಳಿದಿದ್ದನ್ನ ತಂಪು ಮಾಡುತ್ತೆ, ಬೆವರು ಆರುವಾಗ ಮೈ ತಣ್ಣಗಾಗೋ ಹಾಗೆ. ಕಕ್ಕಡ ತಿಂಗಳಲ್ಲಿ ನಮ್ಮ ಬಟ್ಟೆ ಒಣಗದೇ ಇರೋ ಕಾರಣಕ್ಕೇ, ಗಾಳಿ ಒದ್ದೆ ಇದ್ದಾಗ ಈ ಟವರ್‌ಗಳ ಕೆಲಸವೂ ಮಂದ ಆಗುತ್ತೆ.

"ಅಷ್ಟೊಂದು ಶಾಖ ಸುಮ್ಮನೆ ಗಾಳಿಗೆ ಹೋಗ್ತಿದ್ಯಲ್ಲ, ಕಾಫಿ ಒಣಗಿಸೋಕಾದ್ರೂ ಬಳಸಬಾರದಾ?" ಅಂತ ಈಗ ಯಾರೋ ಕೇಳೇ ಕೇಳ್ತೀರಿ. ಆಸೆ ನ್ಯಾಯವಾದದ್ದೇ. ಆದ್ರೆ ಆ ನೀರು ಬರೀ ಉಗುರುಬೆಚ್ಚಗಿಗಿಂತ ಸ್ವಲ್ಪ ಮೇಲೆ. ಶಾಖ ಬೇಕಾದಷ್ಟಿದೆ, ಬಿಸಿ ಇಲ್ಲ. ಮಾರಬೇಕು ಅಂದ್ರೆ ಕೊಳ್ಳೋರು ಗೇಟಿನ ಪಕ್ಕದಲ್ಲೇ ಇರಬೇಕು, ಇಪ್ಪತ್ತನಾಲ್ಕು ಗಂಟೆ ಕೊಳ್ಳಬೇಕು. ಡೆನ್ಮಾರ್ಕ್‌ನಂಥ ಚಳಿ ದೇಶದಲ್ಲಿ ಸ್ಥಾವರದ ಶಾಖ ಪೈಪಿನಲ್ಲಿ ಮನೆಮನೆಗೆ ಹೋಗುತ್ತೆ. ನಮ್ಮಲ್ಲಿ ಇದನ್ನ ಚೆನ್ನಾಗಿ ಮಾಡೋದು ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳು. ಕಬ್ಬಿನ ಸಿಪ್ಪೆ ಸುಟ್ಟು ಹಬೆ ಮಾಡಿ, ಟರ್ಬೈನ್ ತಿರುಗಿಸಿ, ಇನ್ನೂ ಬಿಸಿ ಇರುವಾಗಲೇ ಹೊರತೆಗೆದು ಕಬ್ಬಿನ ಹಾಲು ಕುದಿಸೋಕೆ ಬಳಸ್ತಾರೆ. ಅಲ್ಲಿ ಕಬ್ಬಿನ ಹಾಲೇ ಕಂಡೆನ್ಸರ್. ಕರೆಂಟ್ ಸ್ವಲ್ಪ ಕಮ್ಮಿ ಬರುತ್ತೆ, ಶಾಖ ಪೂರ್ತಿ ಕೆಲಸಕ್ಕೆ ಬರುತ್ತೆ.

ಇಲ್ಲಿಂದ ಮುಂದೆ ವಿಷಯ ಬರೀ ವಿಜ್ಞಾನ ಅಲ್ಲ. ಹಬೆ ತಂಪಾಗಲೇಬೇಕು ಅಂದ್ರೆ ನೀರು ಬೇಕೇ ಬೇಕು. ಯಾರ ನೀರು?

ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ ಕಲ್ಲಿದ್ದಲು ಇಲ್ಲ, ಹಬೆ ಮಾತ್ರ ಅದೇ. 220 ಮೆಗಾವಾಟ್‌ನ ನಾಲ್ಕು ಘಟಕ. ಅಲ್ಲಿನ ಹಬೆ ಸುಮಾರು 250 ಡಿಗ್ರಿಯದು, ರಾಯಚೂರಿನಷ್ಟು ಬಿಸಿ ಅಲ್ಲ. ಹಾಗಾಗಿ ಒಂದು ಯೂನಿಟ್‌ಗೆ ಹೊರಹಾಕಬೇಕಾದ ಶಾಖ ಇನ್ನೂ ಜಾಸ್ತಿ. ಅದನ್ನ ಹೊರೋದು ಕಾಳಿ ನದಿಯ ಕದ್ರಾ ಜಲಾಶಯದ ನೀರು. ಮೊದಲ ಘಟಕ 2018ರ ಕೊನೆಗೆ ಸತತ 962 ದಿನ ಓಡಿ ದಾಖಲೆ ಮಾಡಿತು. ಅಷ್ಟೂ ದಿನ ಕಾಳಿಯ ನೀರೂ ಕಂಡೆನ್ಸರ್‌ನಲ್ಲಿ ಬಿಡುವಿಲ್ಲದೆ ಓಡಿತ್ತು. ಅದನ್ನ ಯಾರೂ ದಾಖಲೆ ಅಂತ ಕರೆಯಲಿಲ್ಲ. ಅಂದಹಾಗೆ ದಕ್ಷಿಣ ಕೊಡಗಿನ ಮರಗಳನ್ನ ಕಡಿದು, ವಿರೋಧದ ನಡುವೆ ಎಳೆದ ಮೈಸೂರು-ಕೋಯಿಕ್ಕೋಡ್ 400 ಕೆ.ವಿ. ಲೈನ್ ನೆನಪಿದೆಯಲ್ಲ? ಅದು ಯೋಜನೆಯಾಗಿದ್ದು ಕೈಗಾದ ಮೂರು, ನಾಲ್ಕನೇ ಘಟಕಗಳ ಕರೆಂಟ್ ಸಾಗಿಸೋ ವ್ಯವಸ್ಥೆಯ ಭಾಗವಾಗಿ.

ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರಕ್ಕೆ ಸಮುದ್ರದ ನೀರು. ಸಮುದ್ರ ಬತ್ತಲ್ಲ, ನಿಜ. ಆದ್ರೆ ಟವರ್‌ನಿಂದ ಹಾರೋ ಉಪ್ಪು ಹನಿ ಮಲ್ಲಿಗೆ, ತೆಂಗಿನ ಮೇಲೆ ಬೀಳ್ತಿದೆ ಅಂತ ಸುತ್ತಲಿನ ರೈತರು ವರ್ಷಗಟ್ಟಲೆ ದೂರುತ್ತಾ ಬಂದಿದ್ದಾರೆ.

ರಾಯಚೂರಿನದು ಇನ್ನೂ ಕಷ್ಟದ ಕಥೆ. 2016ರ ಬರದಲ್ಲಿ ಕೃಷ್ಣೆಯಲ್ಲಿ ನೀರಿಲ್ಲದೆ ಆರ್‌ಟಿಪಿಎಸ್‌ನಲ್ಲಿ ಉತ್ಪಾದನೆ ನಿಂತಿತ್ತು. ಅದೇ ಮಾರ್ಚ್‌ನಲ್ಲಿ ಬಂಗಾಳದ ಫರಕ್ಕಾ ಸ್ಥಾವರವೂ ಕಾಲುವೆ ನೀರು ಇಳಿದು ಬಂದ್ ಆಯ್ತು. ನೆನಪಿಡಿ, ಬರ ಬಂದ ವರ್ಷ ಡ್ಯಾಮ್‌ಗಳ ಜಲವಿದ್ಯುತ್ತೂ ಕಮ್ಮಿ. ಆಗ ಕೈಹಿಡೀಬೇಕಾದ ಕಲ್ಲಿದ್ದಲು ಸ್ಥಾವರವೂ ಅದೇ ನದಿಯ ಮುಖ ನೋಡ್ತಾ ಕೂತಿರುತ್ತೆ.

ಎಷ್ಟು ನೀರು? ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಕೂಲಿಂಗ್ ಟವರ್ ಇರೋ ಹಳೇ ಕಲ್ಲಿದ್ದಲು ಸ್ಥಾವರಗಳಿಗೆ ಹಾಕಿದ ಮಿತಿ, ಒಂದು ಯೂನಿಟ್ ಕರೆಂಟ್‌ಗೆ ಮೂರೂವರೆ ಲೀಟರ್. ನೀವು ಈಗ ಹಿಡಿದಿರೋ ಫೋನ್ ಒಮ್ಮೆ ಪೂರ್ತಿ ಚಾರ್ಜ್ ಆಗೋಕೆ ಸುಮಾರು 0.02 ಯೂನಿಟ್. ಅದಷ್ಟೂ ಕಲ್ಲಿದ್ದಲಿನಿಂದಲೇ ಬಂದಿದ್ರೆ ನೀರು 70 ಮಿಲಿ, ಹೋಟೆಲಿನ ಬೈಟು ಕಾಫಿಯಷ್ಟು. ಕೇಳೋಕೆ ಏನೂ ಅಲ್ಲ. ಈಗ ಚಾಮಲಾಪುರಕ್ಕೆ ಬನ್ನಿ.

ನಾಗರಹೊಳೆಯ ಆಚೆ ಬದಿ, ಎಚ್.ಡಿ. ಕೋಟೆ ತಾಲ್ಲೂಕಿನ ಚಾಮಲಾಪುರದಲ್ಲಿ 2007ರ ಸುಮಾರಿಗೆ 1000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ತರೋ ಪ್ರಸ್ತಾಪ ಬಂದಿತ್ತು. ರೈತರು, ಪರಿಸರದವರು ಬೀದಿಗಿಳಿದರು, ಯೋಜನೆ ಬಿದ್ದುಹೋಯ್ತು. ನಮ್ಮ ವಯಸ್ಸಿನ ಬಹಳ ಜನಕ್ಕೆ ಈ ಹೆಸರೇ ಗೊತ್ತಿಲ್ಲ. ನಾನು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆ. ಮೂರೂವರೆ ಲೀಟರ್ ಮಿತಿಯೊಳಗೇ ಇದ್ದು ಪೂರ್ತಿ ಸಾಮರ್ಥ್ಯದಲ್ಲಿ ಓಡಿದ್ರೂ, ಅಷ್ಟು ದೊಡ್ಡ ಸ್ಥಾವರಕ್ಕೆ ದಿನಕ್ಕೆ 8.4 ಕೋಟಿ ಲೀಟರ್ ನೀರು ಬೇಕು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋ ಸರ್ಕಾರಿ ಅಳತೆ ಇಟ್ಟುಕೊಂಡ್ರೆ ಅದು ಆರು ಲಕ್ಷಕ್ಕೂ ಹೆಚ್ಚು ಜನರ ನೀರು. 2011ರ ಜನಗಣತಿಯಲ್ಲಿ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ ಚಿಲ್ಲರೆ.

ತಲಕಾವೇರಿಯಲ್ಲಿ ಹುಟ್ಟೋ ನೀರು 1902ರಿಂದ ಶಿವನಸಮುದ್ರದಲ್ಲಿ ಕರೆಂಟ್ ಮಾಡ್ತಾ ಬಂದಿದೆ. ಆದ್ರೆ ಅಲ್ಲಿ ಟರ್ಬೈನ್ ತಿರುಗಿಸಿದ ನೀರು ಮುಂದಿನ ಊರಿಗೆ ಹರಿದು ಹೋಗುತ್ತೆ. ಕೂಲಿಂಗ್ ಟವರ್‌ನಲ್ಲಿ ಆವಿಯಾಗಿದ್ದು ಕೆಳಗಿನ ಊರಿಗೆ ಸಿಗಲ್ಲ.

ನೀರಿಲ್ಲದೆ ತಂಪು ಮಾಡೋ ದಾರಿ ಇದೆಯಾ? ಇದೆ. ಕಾರಿನ ರೇಡಿಯೇಟರ್ ಥರ ದೊಡ್ಡ ಫ್ಯಾನ್ ಇಟ್ಟು ಗಾಳಿಯಿಂದಲೇ ಹಬೆಯನ್ನ ನೀರು ಮಾಡೋದು. ಜಾರ್ಖಂಡ್‌ನ ನಾರ್ತ್ ಕರನ್‌ಪುರ ಸ್ಥಾವರದಲ್ಲಿ ಇದೇ ವ್ಯವಸ್ಥೆ. ನೀರು ಬಹಳ ಉಳಿಯುತ್ತೆ. ಆದ್ರೆ ಕಟ್ಟೋ ಖರ್ಚು ಜಾಸ್ತಿ, ಫ್ಯಾನ್‌ಗಳೇ ಕರೆಂಟ್ ತಿಂತಾವೆ. ಬೇಸಿಗೆಯಲ್ಲಿ ಗಾಳಿ 42 ಡಿಗ್ರಿ ಇದ್ದಾಗ ಹಬೆಯನ್ನ 45ಕ್ಕೆ ಇಳಿಸೋದು ಕನಸು. ಕಣಿವೆಯ ಆಳ ಕಮ್ಮಿ ಆಗುತ್ತೆ, ಕರೆಂಟೂ ಕಮ್ಮಿ. ಎಲ್ಲರೂ ಎಸಿ ಹಾಕೋ ಹೊತ್ತಿಗೇ. ಪಾವಗಡದ ಸೋಲಾರ್ ಪಾರ್ಕ್‌ಗೆ ಹಬೆಯ ತಂಟೆಯೇ ಇಲ್ಲ, ಫಲಕ ತೊಳೆಯೋಕೆ ಮಾತ್ರ ನೀರು. ಆದ್ರೆ ರಾತ್ರಿ ಎಂಟಕ್ಕೆ ಅದು ಮಲಗಿರುತ್ತೆ.

ಒಂದು ಬಾಲಂಗೋಚಿ. 540 ಡಿಗ್ರಿಯ ಹಬೆಯನ್ನ ಟರ್ಬೈನ್‌ಗೆ ಹೋಗೋ ಮೊದಲೇ ತಂಪು ಮಾಡೋ ಸಂದರ್ಭವೂ ಇದೆ. ಬೆಂಕಿ ಸ್ವಲ್ಪ ಜೋರಾಗಿ ಉಷ್ಣತೆ ಮಿತಿ ಮೀರಿದ್ರೆ ಕೊಳವೆಯ ಉಕ್ಕು ಮೆತ್ತಗಾಗಿ, ವರ್ಷಗಳಲ್ಲಿ ನಿಧಾನಕ್ಕೆ ಹಿಗ್ಗಿ ಒಡೆಯುತ್ತೆ. ಅದಕ್ಕೆ ಹಬೆಯ ದಾರಿಯಲ್ಲೇ ಶುದ್ಧ ನೀರಿನ ಸಣ್ಣ ಸ್ಪ್ರೇ ಇಟ್ಟಿರ್ತಾರೆ. ಹಾಲು ಉಕ್ಕುವಾಗ ಒಂದು ಚಿಮುಕು ನೀರು ಹಾಕ್ತೀವಲ್ಲ, ಹಾಗೆ. ಕಂಡೆನ್ಸರ್‌ನ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ.

ರಾಯಚೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಹೋದ್ರೆ ಕೃಷ್ಣಾ ಸೇತುವೆಗೆ ಮೊದಲು ಶಕ್ತಿನಗರ ಸಿಗುತ್ತೆ. ಚಳಿಗಾಲದ ಬೆಳಿಗ್ಗೆ ಹೋಗಿ, ಮೋಡ ದಪ್ಪಗೆ ಕಾಣುತ್ತೆ. ಉದ್ದ ತೆಳ್ಳಗಿನ ಚಿಮಣಿಯಿಂದ ಬರೋದು ಹೊಗೆ. ದಪ್ಪ ಟವರ್ ಮೇಲಿಂದ ಏಳೋ ಬಿಳಿದು ಕೃಷ್ಣಾ ನದಿ.

ವಿರಾಜಪೇಟೆಯವರಿಗೆ ಕರೆಂಟ್ ಬಂದಿರಲಿ ಅಂತ ಆಶಿಸ್ತೀನಿ. ನಿಮ್ಮ ಪ್ರಶ್ನೆಯನ್ನೂ ವಾಯ್ಸ್ ನೋಟ್‌ನಲ್ಲಿ ಕಳಿಸಿ, ಮಳೆ ಸದ್ದು ಇದ್ರೂ ಪರವಾಗಿಲ್ಲ.